ನಿನ್ನಪ್ಪನ ಹೆಸರು

ರಾಜೇಸಾಬ, ಅದು ಬಾಯಿ ತಪ್ಪಿ ಬಂದದ್ದಲ್ಲ. ನಾನು ಬೇಕೆಂದೇ ಕೂಗಿದೆ.

ಇಷ್ಟು ಬರೆಯುವುದಕ್ಕೆ ನನಗೆ ಇಪ್ಪತ್ತು ವರ್ಷಗಳ ಮೇಲೆ ಹಿಡಿಯಿತು. ವಡೋದರಾದ ಆ ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ನಿಂತು ಏನು ಕೂಗಿದೆ ಎಂಬುದು ನಿನಗೆ ನೆನಪಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಆ ಗಳಿಗೆ ಅಳಿಸಿಹೋಗುವುದುಂಟು ಎಂದು ಡಾಕ್ಟರು ಹೇಳಿದ್ದರು. ಆ ಖಾಲಿ ಜಾಗದಲ್ಲಿ ನಾನು ನನಗೆ ಬೇಕಾದ ಕತೆ ತುಂಬಿದೆ. ಜಗಳದ ಸಿಟ್ಟಿನಲ್ಲಿ ಬಾಯಿ ತಪ್ಪಿ ನಿನ್ನನ್ನು ರಾಜೇಸಾಬ ಎಂದು ಕರೆದುಬಿಟ್ಟೆ, ಕೆಳಗೆ ನಿಂತವರಿಗೆ ಅದು ಕೇಳಿಸಿತು—ಇದು ನಾನು ಹೇಳಿದ ಕತೆ. ನೀನು ನಂಬಿದೆ. ನಿಮ್ಮಪ್ಪ ನಂಬಿದರು. ಗದಗಿನಲ್ಲಿ ಎಲ್ಲರೂ ನಂಬಿದರು, ಯಾಕೆಂದರೆ ಗದಗಿನಲ್ಲಿ ರಾಜೇಸಾಬ ಎಂದ ಕೂಡಲೇ ಇವನು ಮುಸಲ್ಮಾನರ ಹುಡುಗ ಎಂದು ಕೂಸಿಗೂ ತಿಳಿಯುತ್ತದೆ.

ವಡೋದರಾದಲ್ಲಿ ತಿಳಿಯುತ್ತಿರಲಿಲ್ಲ. ಅಲ್ಲಿ ಸಾಬ್ ಎಂದರೆ ಸಾಹೇಬ, ಅಷ್ಟೇ. ಫತೇಗಂಜಿನ ಬಾಡಿಗೆ ಮನೆಗೆ ನಾವಿಬ್ಬರೂ ಬಂದ ಹೊಸತರಲ್ಲಿ ಕೆಳಗಿನ ಮನೆಯ ಮುದುಕಿ ನಕ್ಕಿದ್ದು ನಿನಗೆ ನೆನಪಿರಬೇಕು. ಊರಿನವರೆಲ್ಲ ಅವಳನ್ನು ಬಾ ಎನ್ನುತ್ತಿದ್ದರು. ಬಾ ಎಂದರೆ ಅವರಲ್ಲಿ ತಾಯಿ, ನಮ್ಮ ಕಿವಿಗೆ ಮಾತ್ರ ಯಾರನ್ನೋ ಒಳಗೆ ಕರೆದ ಹಾಗೆ. ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳೆಯನನ್ನು ನಾನು ಸಾಹೇಬ ಎಂದು ಕರೆಯುತ್ತೇನೆಂದು ಅವಳಿಗೆ ನಗು. ಆಮೇಲೆ ಆ ಕಟ್ಟಡಕ್ಕೆಲ್ಲ ನೀನು ರಾಜೂಭಾಯಿ ಆದೆ. ಆದ್ದರಿಂದ ನಾನು ರಾಜೇಸಾಬ ಎಂದು ಎಷ್ಟು ಗಂಟಲು ಹರಿದುಕೊಂಡರೂ ಕೆಳಗೆ ಒಬ್ಬನೂ ತಲೆ ಎತ್ತುತ್ತಿರಲಿಲ್ಲ. ಅಲ್ಲಿ ಬಾಳಿದ ಯಾರನ್ನಾದರೂ ನೀನು ಕೇಳಿದ್ದರೆ ನನ್ನ ಸುಳ್ಳು ಅಂದೇ ಸಿಕ್ಕಿಬೀಳುತ್ತಿತ್ತು. ನೀನು ಕೇಳಲಿಲ್ಲ. ನನ್ನನ್ನು ನಂಬಿದ್ದರಿಂದ ನಿನಗೇ ಅದು ಹೊಳೆಯಲೂ ಇಲ್ಲ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಯಾವುದನ್ನು ಬಿಟ್ಟರೂ ಅದರ ಹಿಂದೆ ಅಡಗಿಕೊಳ್ಳುವ ಬುದ್ಧಿ ನನ್ನದು.

ಪಾಲಿಟೆಕ್ನಿಕ್ ಮುಗಿಸಿ ಇಬ್ಬರೂ ಕೆಲಸ ಹುಡುಕಿಕೊಂಡು ಅಷ್ಟು ದೂರ ಹೋಗಿದ್ದೆವು. ನನಗೆ ಅಲಕಾಪುರಿಯಲ್ಲಿ ಆಫೀಸು, ನಿನಗೆ ಊರಾಚೆ ಕಾರ್ಖಾನೆ. ಕಂಪ್ಯೂಟರು ನಿನ್ನದು, ಬಿಡಿಭಾಗ ತಂದು ನೀನೇ ಜೋಡಿಸಿದ್ದು. ರೈಲು ಓಡಿಸುವ ಆಟದ ಸಿ.ಡಿ. ತಂದವನೂ ನೀನೇ. ನನಗೆ ಓಡಿಸಿದರೆ ಸಾಕಿತ್ತು. ನಿನಗೆ ಹಳಿ ಹಾಕಬೇಕಿತ್ತು. ವಡೋದರಾದಿಂದ ಸೂರತ್ತಿನವರೆಗಿನ ದಾರಿಯನ್ನು ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿನೊಳಗೆ ಕಟ್ಟಬೇಕೆಂದು ಹಟ ಹಿಡಿದೆ. ಭಾನುವಾರ ಬೆಳಗಿನ ಗಾಡಿಗೆ ಸೂರತ್ತಿಗೆ ಹೊರಟು, ಕಿಟಕಿಯ ಪಕ್ಕ ಕೂತು, ಸಿಗ್ನಲ್ಲು ಎಲ್ಲಿ, ಕಿಲೋಮೀಟರಿನ ಕಲ್ಲು ಎಲ್ಲಿ, ತಿರುವು ಯಾವ ಕಡೆಗೆ ಎಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದೆ. ಇಂಥ ಹುಚ್ಚನನ್ನು ನಾನು ಕಂಡಿರಲಿಲ್ಲ, ಹಾಗೆಂದು ನಿನ್ನ ಮುಖಕ್ಕೇ ಹೇಳುತ್ತಿದ್ದೆ.

ಕೆಲಸ ಹಂಚಿಕೊಂಡೆವು. ನೀನು ಸೂರತ್ತಿನಿಂದ ಮೇಲಕ್ಕೆ, ನಾನು ವಡೋದರಾದಿಂದ ಕೆಳಕ್ಕೆ, ಇಬ್ಬರೂ ಭರೂಚಿನ ಹತ್ತಿರ ನರ್ಮದೆಯ ಸೇತುವೆಯಲ್ಲಿ ಕೂಡುವುದು. ಹಳಿಯ ತುಂಡುಗಳು ಗೊತ್ತಾದ ಅಳತೆಯಲ್ಲಿ ಸಿದ್ಧವಾಗಿ ಬರುತ್ತಿದ್ದವು—ಹತ್ತು ಮೀಟರಿನವು, ಐವತ್ತರವು, ನೂರರವು, ತಿರುವಿನವು ಬೇರೆ. ಒಂದರ ತುದಿಗೆ ಇನ್ನೊಂದನ್ನು ತಂದರೆ ತಾವೇ ಕಚ್ಚಿಕೊಳ್ಳಬೇಕು. ಕೆಲವು ಸಲ ಕಚ್ಚಿಕೊಳ್ಳುತ್ತಿರಲಿಲ್ಲ, ಒಂದು ಬೆರಳಿನಷ್ಟು ಸಂದಿ ಉಳಿಯುತ್ತಿತ್ತು. ಆಗ ಹಿಂದಕ್ಕೆ ಹೋಗಿ ಹತ್ತಾರು ತುಂಡು ಕಿತ್ತು, ಬೇರೆ ಅಳತೆಯವನ್ನು ಹಾಕಿ, ಮತ್ತೆ ಜೋಡಿಸುತ್ತ ಬರಬೇಕು. ನೀನು ಹಾಗೆ ಮಾಡುತ್ತಿದ್ದೆ, ಬೇಸರವಿಲ್ಲದೆ. ನಾನು ಕಳ್ಳದಾರಿ ಕಂಡುಕೊಂಡೆ—ಸಂದಿಯ ಮೇಲೆ ಇನ್ನೊಂದು ತುಂಡನ್ನು ಹೊದಿಸಿಬಿಡುವುದು. ಕಣ್ಣಿಗೆ ಹಳಿ ಸರಾಗ. ಕಂಪ್ಯೂಟರಿನ ಮಟ್ಟಿಗೆ ಮಾತ್ರ ಹಳಿ ಅಲ್ಲಿಗೇ ಮುಗಿದಿರುತ್ತದೆ, ಎಂಜಿನ್ ಬಂದರೆ ನೆಲಕ್ಕೆ ಬೀಳುತ್ತದೆ.

"ಎಂಜಿನ್ ದಾಟಿದ ಮ್ಯಾಲೇ ಕೂಡೈತಿ ಅನ್ನಬೇಕಲೇ ಗುರ್ಯಾ, ಕಣ್ಣಿಗೆ ಕಂಡ ಕೂಡಲೇ ಅಲ್ಲ," ಎಂದು ನೀನು ಮತ್ತೆ ಮತ್ತೆ ಹೇಳುತ್ತಿದ್ದೆ. ಪ್ರತಿ ಜೋಡಣೆಯನ್ನೂ ಓಡಿಸಿ ನೋಡಿದ್ದೇನೆ ಎಂದು ನಾನು ಹೇಳುತ್ತಿದ್ದೆ. ಒಂದನ್ನೂ ನೋಡಿರಲಿಲ್ಲ.

ಊರಿಗೆ ಬೆಂಕಿ ಬಿದ್ದದ್ದು ಆ ದಿನಗಳಲ್ಲೇ. ಅದು ಯಾಕೆ ಬಿತ್ತು, ಯಾರು ಇಟ್ಟರು, ಯಾರಿಗೆ ಏನಾಯಿತು—ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ. ನಾನು ಇಟ್ಟ ಕಿಡಿಯ ಬಗ್ಗೆ ಮಾತ್ರ ಬರೆಯಬಲ್ಲೆ. ಕರ್ಫ್ಯೂ ಬಿತ್ತು, ಆಫೀಸು ಮುಚ್ಚಿತು. ನೀನು ಬಟ್ಟೆ ತುಂಬಿಕೊಂಡು ಸ್ಟೇಷನ್ನಿಗೆ ಹೋಗಿಬಿಡುತ್ತೇನೆ ಎಂದೆ. ನಾನು ಚೀಲ ಕಿತ್ತುಕೊಂಡೆ. "ಎಲ್ಲೂ ಹೋಗಬ್ಯಾಡ. ಇಲ್ಲಿ ನೀ ರಾಜು. ನಾ ಅದೇನಿ," ಎಂದೆ. ಆ ಮಾತು ಹೇಳುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಹೇಳಿದ ಮೇಲೆ ಅದು ನನ್ನ ತಲೆಗೆ ಏರಿತು.

ಎಂಟು ದಿನ ಇಬ್ಬರೂ ಆ ಒಂದೂವರೆ ಕೋಣೆಯಲ್ಲಿ ಬಿದ್ದಿದ್ದೆವು. ದೂರದಲ್ಲಿ ಹೊಗೆ ಕಾಣುತ್ತಿತ್ತು, ಯಾರೋ ಓಡುವ ಸದ್ದು, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ನೀನು ಹಳಿ ಹಾಕುತ್ತಿದ್ದೆ. ನಾನು ಅಕ್ಕಿ ಬೇಯಿಸುತ್ತಿದ್ದೆ, ಬಾಗಿಲಿಗೆ ಬಂದವರೊಡನೆ ಮಾತನಾಡಿ ಕಳಿಸುತ್ತಿದ್ದೆ, ಬಾಗಿಲು ಹಾಕಿದ ಮೇಲೆ ನಿನ್ನ ಮುಖ ನೋಡುತ್ತಿದ್ದೆ. ನೀನು ಕೃತಜ್ಞನಾಗಿರಬೇಕೆಂದು ನನಗೆ ಆಸೆಯಿತ್ತು. ಸ್ವಲ್ಪ ತಗ್ಗಿ ಮಾತನಾಡಬೇಕು, ಇಂಥ ಗೆಳೆಯ ಯಾರಿಗುಂಟು ಎಂದು ಒಮ್ಮೆಯಾದರೂ... ಎಂಥ ಹೊಲಸು ಆಸೆ. ನೀನು ಎಂದಿನ ಹಾಗೇ ಇದ್ದೆ, ಅನ್ನ ಮೆತ್ತಗಾಗಿದೆ ಎಂದು ಬೈಯುತ್ತಿದ್ದೆ. ಅದು ನನ್ನನ್ನು ಒಳಗೊಳಗೇ ಕೆರಳಿಸಿತು.

ಒಂಬತ್ತನೆಯ ದಿನ ಮಧ್ಯಾಹ್ನ ಎರಡು ತಾಸು ಕರ್ಫ್ಯೂ ಸಡಿಲ ಬಿಟ್ಟಿದ್ದರು. ನಾನು ಹಾಲು ತರಲು ಹೋಗಿದ್ದೆ, ಹಾಲು ಸಿಗಲಿಲ್ಲ. ಮೂಲೆಯ ಅಂಗಡಿ ಸುಟ್ಟು ಕರಿಕಾಗಿತ್ತು. ಮೇಲೆ ಬಂದರೆ ನೀನು ಕುರ್ಚಿ ತಿರುಗಿಸಿಕೊಂಡು ಕಾಯುತ್ತ ಕೂತಿದ್ದೆ. ಸೂರತ್ತಿನಿಂದ ಎಂಜಿನ್ ಬಿಟ್ಟು ಸೇತುವೆ ದಾಟಿ ನನ್ನ ಹಳಿಗೆ ಬಂದಿದ್ದೆ.

"ನೀ ಓಡಿಸೇ ನೋಡಿಲ್ಲ ಗುರ್ಯಾ," ಎಂದೆ. "ಎಂಟ ಕಡೆ ಮುಚ್ಚಿಟ್ಟೀದಿ. ಎಂಟೂ ಕಡೆ ಎಂಜಿನ್ ಬಿತ್ತು."

ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

"ಇರಲಿ ಬಿಡು. ಭರೂಚದಿಂದ ಈ ಕಡೆ ಹಾಕಿದ್ದೆಲ್ಲಾ ತಗದು ಒಗದೇನಿ. ಏನೂ ಉಳದಿಲ್ಲ. ಮೊದಲಿಂದ ಹಾಕೋಣು ಬಾ," ಎಂದು ನೀನು ಇನ್ನೊಂದು ಕುರ್ಚಿ ಎಳೆದೆ.

ಮೂರು ತಿಂಗಳ ನನ್ನ ಕೆಲಸ. ನನ್ನನ್ನು ಕೇಳದೆ... ಹೀಗೆಂದು ನಾನು ನಿಮ್ಮೆಲ್ಲರಿಗೆ ಹೇಳಿದ್ದೆ, ಅದಕ್ಕೇ ಸಿಟ್ಟು ಬಂತು ಎಂದು. ಅದೂ ಪೂರ್ತಿ ನಿಜವಲ್ಲ. ಹಳಿ ಹೋದದ್ದಕ್ಕೆ ನನಗೆ ಅಷ್ಟೇನೂ ದುಃಖವಿರಲಿಲ್ಲ, ಅದು ಕಳ್ಳ ಕೆಲಸ ಎಂದು ನನಗೇ ಗೊತ್ತಿತ್ತು. ನನ್ನ ನೆರಳಿನಲ್ಲಿ ಬದುಕುತ್ತಿರುವವನು, ನಾನು ಬಾಯಿ ಬಿಟ್ಟರೆ ಹೋಗುವ ಜೀವ, ಅಂಥವನು ನನ್ನ ಕಳ್ಳತನ ಹಿಡಿದು, ಮೇಲೆ ಇರಲಿ ಬಿಡು ಎಂದು ಕ್ಷಮಿಸುವುದೇ—ಇದು ನನ್ನ ಸಿಟ್ಟು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಕೀಬೋರ್ಡನ್ನು ವಯರಿನ ಸಮೇತ ಕಿತ್ತು ನಿನ್ನ ಮುಖಕ್ಕೆ ಬಡಿದೆ. ತುಟಿ ಸೀಳಿತು. ನೀನು ಏಳುವ ಮೊದಲೇ ಕೊರಳಪಟ್ಟಿ ಹಿಡಿದು ತಲೆಯನ್ನು ಕಿಟಕಿಯ ಚೌಕಟ್ಟಿಗೆ ಗುದ್ದಿದೆ, ಎರಡು ಸಲ. ಬಿದ್ದ ಮೇಲೆ ಪಕ್ಕೆಗೆ ಒದ್ದೆ. ನೀನು ನನಗಿಂತ ಗಟ್ಟಿ ಆಳು, ನಿಮ್ಮಪ್ಪನ ಅಂಗಡಿಯಲ್ಲಿ ಹಾಸಿಗೆಯ ಮೂಟೆ ಹೊತ್ತು ಬೆಳೆದವನು. ಮನಸ್ಸು ಮಾಡಿದ್ದರೆ ನನ್ನನ್ನು ಅಲ್ಲೇ ಮಲಗಿಸಬಹುದಿತ್ತು. ಒಂದೇ ಒಂದು ಸಲ ತಳ್ಳಿದೆ, ನಾನು ಕುರ್ಚಿಯ ಮೇಲೆ ಮಗುಚಿ ಬಿದ್ದೆ. ನೀನು ಟವೆಲ್ಲಿನಿಂದ ಬಾಯಿ ಒತ್ತಿಕೊಂಡು, "ನಿನ್ನ ತಲಿ ತಣ್ಣಗಾಗಲಿ. ನಾ ಕೆಳಗ ನಿಂದರ್ತೀನಿ," ಎಂದು ಮೆಟ್ಟಿಲು ಇಳಿದು ಹೋದೆ.

ಕೆಳಗೆ ಗೇಟಿನ ಹತ್ತಿರ ಏಳೆಂಟು ಜನ ನಿಂತಿದ್ದರು. ಓಣಿ ಕಾಯುತ್ತೇವೆ ಎನ್ನುತ್ತಿದ್ದರು, ಕೈಯಲ್ಲಿ ಕಬ್ಬಿಣದ ಪೈಪು, ಕ್ರಿಕೆಟ್ ಬ್ಯಾಟು. ನಿನಗೆ ಅವರ ಭಯವಿರಲಿಲ್ಲ, ಅವರಿಗೆ ನೀನು ರಾಜೂಭಾಯಿ. ನಿನ್ನ ತುಟಿ ನೋಡಿ ಒಬ್ಬ ಏನೋ ಕೇಳಿದ, ಇನ್ನೊಬ್ಬ ನಿನಗೆ ನೀರಿನ ಬಾಟಲಿ ಕೊಟ್ಟ. ನೀನು ಬಾಯಿ ಮುಕ್ಕಳಿಸಿದೆ. ಅವರ ನಡುವೆ ನಿಂತು ನೀನು ಬಾಯಿ ಮುಕ್ಕಳಿಸುವುದನ್ನು ನಾನು ಬಾಲ್ಕನಿಯಿಂದ ನೋಡಿದೆ.

ಬೈಯತೊಡಗಿದೆ. ಕನ್ನಡದಲ್ಲಿ ಬೈದೆ, ಏನು ಬೈದರೂ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಅವರು ನಕ್ಕರು, ಇಬ್ಬರು ಗೆಳೆಯರ ಜಗಳ ಎಂದು. ನೀನೂ ನಕ್ಕೆ, ಸೀಳಿದ ತುಟಿಯಲ್ಲೇ. ಆಗ ನನ್ನ ನಾಲಿಗೆಗೆ ಮೊದಲು ಬಂದದ್ದು ರಾಜೇಸಾಬ ಎಂಬ ಹೆಸರೇ. ಅದನ್ನು ನುಂಗಿದೆ. ಸರಿಯಾಗಿ ಕೇಳು—ನುಂಗಿದೆ. ಅದನ್ನು ಕೂಗಿದರೆ ಏನೂ ಆಗುವುದಿಲ್ಲ ಎಂದು ಆ ಸಿಟ್ಟಿನಲ್ಲೂ ನನಗೆ ಲೆಕ್ಕವಿತ್ತು. ಬೇರೆ ಹುಡುಕಿದೆ. ಎಲ್ಲ ಊರಲ್ಲೂ ಒಂದೇ ಅರ್ಥ ಕೊಡುವ ಹೆಸರು ಬೇಕಿತ್ತು. ಸಿಕ್ಕಿತು.

"ಏ ಇಮಾಮಸಾಬನ ಮಗನೇ."

ಇಮಾಮ ಎಂಬುದನ್ನು ಬಿಡಿಸಿ, ಎಳೆದು, ಮಾಸ್ತರರು ಹಾಜರಿ ಕರೆಯುವ ಹಾಗೆ ಕೂಗಿದೆ. ಎರಡು ಸಲ ಕೂಗಿದೆ, ರಾಜೇಸಾಬ. ಒಂದು ಸಲವಾದರೆ ಬಾಯಿ ತಪ್ಪಿತು ಎನ್ನಬಹುದಿತ್ತೇನೋ.

ನಗು ನಿಂತಿತು. ನೀರು ಕೊಟ್ಟವನೇ ತಲೆ ಎತ್ತಿ ನನ್ನನ್ನು ಕೇಳಿದ, "ಕ್ಯಾ ನಾಮ್ ಬೋಲಾ? ಕಿಸ್ಕಾ ನಾಮ್?" ಒರಟಾಗೇನೂ ಕೇಳಲಿಲ್ಲ. ಯಾರ ಹೆಸರು ಕೂಗಿದಿ, ಇನ್ನೊಮ್ಮೆ ಹೇಳು—ಇಷ್ಟೇ. ನೀನೂ ತಲೆ ಎತ್ತಿದೆ. ಒಂದು ಮಾತು ಸಾಕಿತ್ತು. ಅದು ನಮ್ಮ ಕಡೆಯ ಬೈಗುಳ ಎಂದು ನಕ್ಕುಬಿಟ್ಟಿದ್ದರೆ ಅವರೂ ನಗುತ್ತಿದ್ದರು. ನೀನು ಅದಕ್ಕೇ ಕಾಯುತ್ತಿದ್ದೆ, ನನಗೆ ಗೊತ್ತು, ನಿನ್ನ ಕಣ್ಣು ನನ್ನ ಮೇಲಿತ್ತು. ನಾನು ಒಳಗೆ ಹೋಗಿ ಬಾಗಿಲಿಗೆ ಅಗುಳಿ ಹಾಕಿಕೊಂಡೆ.

ನಿಮ್ಮಪ್ಪ ಅಂಗಡಿಯ ಮುಂದೆ ಹಳೆಯ ಹಾಸಿಗೆಯ ಅರಳೆಯನ್ನು ಕೋಲಿನಿಂದ ಬಡಿಯುವಾಗ ಬರುತ್ತಿತ್ತಲ್ಲ, ಅದೇ ಸದ್ದು. ದಪ್ಪಗೆ, ಒಂದೇ ಸಮನೆ. ಕಿಟಕಿಯ ಸಂದಿಯಿಂದ ನೋಡಿದೆ. ನೋಡಲಿಲ್ಲ ಎಂದು ಹೇಳಿದ್ದೆನಲ್ಲ, ಅದೂ ಸುಳ್ಳು. ನೀನು ಬಲಗೈಯನ್ನು ತಲೆಗೆ ಅಡ್ಡ ಹಿಡಿದಿದ್ದೆ. ಪೈಪು ಅದರ ಮೇಲೇ ಬಿತ್ತು, ಮತ್ತೆ ಅಲ್ಲೇ, ಮತ್ತೆ ಅಲ್ಲೇ. ಕೈ ಮಣಿಕಟ್ಟಿನಿಂದ ಕೆಳಗೆ ಬೇರೆ ದಿಕ್ಕಿಗೆ ತಿರುಗಿತು. ಆಮೇಲೆ ತಲೆಗೆ ಬ್ಯಾಟು. ಕುಸಿದವನನ್ನು ಸುತ್ತ ನಿಂತು ಕಾಲಿನಿಂದ ತುಳಿದರು. ಒಬ್ಬ ಕಲ್ಲು ಹುಡುಕುತ್ತಿದ್ದ. ನೀನು ಅಪ್ಪಾ ಎನ್ನಲಿಲ್ಲ, ಅವ್ವಾ ಎನ್ನಲಿಲ್ಲ. ನೀನು ಕೂಗಿದ್ದು ಗುರ್ಯಾ, ಗುರ್ಯಾ ಎಂದು. ನಾನು ಅಗುಳಿ ತೆಗೆಯಲಿಲ್ಲ.

ಹೊರಗೆ ಬಂದವಳು ಬಾ. ಎಪ್ಪತ್ತು ದಾಟಿದ ಮುದುಕಿ, ಮೊಣಕಾಲು ನೋವಿನವಳು, ಓಡಿ ಬಂದು ನಿನ್ನ ಮೇಲೆ ಅಡ್ಡ ಬಿದ್ದಳು. ಒಂದು ಪೆಟ್ಟು ಅವಳ ಹೆಗಲಿಗೂ ಬಿತ್ತು. "ಮನೇ ಮಾರ್, ಮನೇ ಮಾರ್," ಎಂದು ಅವಳು ಅರಚಿದಳು—ನನ್ನನ್ನು ಹೊಡಿ, ನನ್ನನ್ನು. ಪೈಪು ಹಿಡಿದವನು ನಿಂತ. ಚಿಕ್ಕಂದಿನಲ್ಲಿ ಅವಳ ಮನೆಯಲ್ಲಿ ರೊಟ್ಟಿ ತಿಂದವನಂತೆ ಅವನು, ಆಮೇಲೆ ತಿಳಿಯಿತು. ಉಗುಳಿ, ಬೈದು, ಒಬ್ಬೊಬ್ಬರೇ ಸರಿದರು. ಬಾ ನಿನ್ನನ್ನು ಕಾಲು ಹಿಡಿದು ತನ್ನ ಮನೆಯೊಳಗೆ ಎಳೆದುಕೊಂಡಳು.

ಆಮೇಲೆ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲು ಬಡಿದಳು. ಅವಳ ಬಿಳಿ ಸೀರೆಯ ತುಂಬ ನಿನ್ನ ರಕ್ತ. "ತೇಂ ಬೂಮ್ ಪಾಡೀ," ಎಂದಳು. ಕೂಗಿದವನು ನೀನು. "ಹವೇ ತೂಂ ಜ ಲಯೀ ಜಾ." ಈಗ ನೀನೇ ಒಯ್ಯಿ. ಅವಳು ಅಳುತ್ತಿರಲಿಲ್ಲ. ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ.

ನನ್ನ ಸ್ಕೂಟರಿನ ಮೇಲೆ ನಿನ್ನನ್ನು ಹಿಂದೆ ಕೂರಿಸಿ, ತನ್ನ ಹಳೆಯ ಸೀರೆಯಿಂದ ನಿನ್ನನ್ನು ನನ್ನ ಬೆನ್ನಿಗೆ ಬಿಗಿದು ಕಟ್ಟಿದವಳೂ ಅವಳೇ. ಉರಿಯುವ ಊರಿನ ನಡುವೆ ಗೆಳೆಯನನ್ನು ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದ ಎಂದು ನಿನ್ನ ಬಳಗವೆಲ್ಲ ಹೇಳಿಕೊಂಡು ತಿರುಗಿದ್ದು ಈ ಪ್ರಯಾಣವನ್ನೇ. ಒಯ್ದದ್ದು ನಿಜ. ಅವಳು ಒಯ್ಯಿ ಎನ್ನದಿದ್ದರೆ ಒಯ್ಯುತ್ತಿದ್ದೆನೇ—ಗೊತ್ತಿಲ್ಲ. ಅಗುಳಿ ತೆಗೆದದ್ದು ಅವಳು ಬಡಿದಳೆಂದು. ಅವಳ ಹೆಸರನ್ನು ನಾನು ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದರೆ ನೀನು ಅವಳನ್ನು ನೋಡಲು ಹೋಗುತ್ತಿದ್ದೆ, ಅವಳು ಹೇಳಿಬಿಡುತ್ತಿದ್ದಳು. ಈಗ ಅವಳಿಲ್ಲ. ನಿನ್ನ ಜೀವ ಉಳಿಸಿದವಳಿಗೆ ನೀನು ಒಂದು ಸಲ ಕೈ ಮುಗಿಯುವುದನ್ನೂ ನಾನು ತಪ್ಪಿಸಿದೆ.

ಗಾಡಿಗಳು ಸರಿಯಾದ ಮೇಲೆ ನಿಮ್ಮಪ್ಪ ಬಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ನನ್ನ ಹೆಸರು ಉಳಿಸಿದಿ ತಮ್ಮಾ," ಎಂದರು. ಇದ್ದೊಬ್ಬ ಮಗ, ಅವನಿಂದ ಮನೆತನದ ಹೆಸರು ಉಳಿಯಿತು ಎಂಬ ಅರ್ಥದಲ್ಲಿ ಹೇಳಿದ್ದು. ಆಗಲಾದರೂ ಹೇಳಬಹುದಿತ್ತು. ಬಾಯಿ ತಪ್ಪಿತು ಕಾಕಾ ಎಂದೆ. ಆ ಸುಳ್ಳು ಹುಟ್ಟಿದ್ದು ಅಲ್ಲೇ, ಅವರ ಅಂಗೈಯೊಳಗೆ ನನ್ನ ಕೈ ಇರುವಾಗ. ಅವರು ನನ್ನನ್ನು ಸಮಾಧಾನ ಮಾಡಿದರು. ಅದನ್ನೇ ನಂಬಿಕೊಂಡು ತೀರಿಹೋದರು.

ನಿನ್ನ ಬಲಗೈಯ ಬೆರಳು ಮತ್ತೆ ಮಡಚಲಿಲ್ಲ. ನೀನು ಕೆಲಸ ಬಿಟ್ಟು ಗದಗಿಗೆ ಹೋದೆ. ಹಾಸಿಗೆಯ ಅಂಗಡಿಯಲ್ಲಿ ನಿನ್ನ ಹೆಂಡತಿ ಸೂಜಿ ಹಿಡಿಯುತ್ತಾಳೆ, ನೀನು ಎಡಗೈಯಲ್ಲಿ ಬಟ್ಟೆ ಎಳೆದು ಕೊಡುತ್ತೀ. ನಾನು ಅಹಮದಾಬಾದಿಗೆ ಬಂದು, ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಮನೆ ಮಾಡಿ, ಮಕ್ಕಳೊಂದಿಗನಾದೆ. ಎರಡು ಮೂರು ವರ್ಷಕ್ಕೊಮ್ಮೆ ನಿಮ್ಮಲ್ಲಿಗೆ ಬರುತ್ತೇನೆ. ಬಂದಾಗ ನಿಮ್ಮವ್ವ ನಿನಗಿಂತ ಮೊದಲು ನನ್ನ ತಟ್ಟೆಗೆ ಬಡಿಸುತ್ತಾರೆ. ಉಣ್ಣುತ್ತೇನೆ. ಇಷ್ಟು ವರ್ಷ ಉಂಡಿದ್ದೇನೆ.

ಮೊನ್ನೆ ನೀನು ಫೋನಿನಲ್ಲಿ ಮಗಳ ಮದುವೆ ಗೊತ್ತಾಯಿತೆಂದು ಹೇಳಿದೆ. "ಮುಂದ ನಿಂತು ಮಾಡಾಂವ ನೀನೇ. ನನ್ನ ಜೀವಾ ಉಳಿಸಿದಾಂವ ಅಂತ ಬೀಗರಿಗೆ ಹೇಳಿಬಿಟ್ಟೇನಿ, ಅವರು ನಿನ್ನ ನೋಡಬೇಕಂತಾರ," ಎಂದೆ. ನಾನು ಹೂಂ ಎಂದೆ. ಫೋನು ಇಟ್ಟ ಮೇಲೆ ನನ್ನ ಮಗಳು ತನಗೆ ಬರುವ ಅರ್ಧ ಕನ್ನಡದಲ್ಲಿ, ಅಪ್ಪಾ ಯಾಕೆ ಅಳ್ತೀ ಎಂದು ಕೇಳಿದಳು. ಅವಳಿಗೂ ಸುಳ್ಳು ಹೇಳಿದೆ. ಇನ್ನು ಹೊಸಬರು, ನಿನ್ನ ಬೀಗರು, ನಾಳೆ ಹುಟ್ಟುವ ನಿನ್ನ ಮೊಮ್ಮಕ್ಕಳು—ಅವರಿಗೆಲ್ಲ ಈ ಸುಳ್ಳನ್ನೇ ಉಣಿಸಬೇಕೇ? ನನ್ನಿಂದ ಆಗಲಿಲ್ಲ.

ಇದನ್ನು ಅಂಚೆಗೆ ಹಾಕೋಣ ಎಂದುಕೊಂಡೆ. ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಆಮೇಲೆ ಆ ಲಕೋಟೆಯನ್ನು ಹರಿದೆ. ನೀನು ಓದುವ ಹೊತ್ತಿಗೆ ನಾನು ಸಾವಿರ ಮೈಲಿ ಆಚೆ, ಬಾಗಿಲು ಹಾಕಿಕೊಂಡು ಕೂತಿರುವುದು—ಅದನ್ನು ಒಂದು ಸಲ ಮಾಡಿದ್ದಾಗಿದೆ.

ಶುಕ್ರವಾರದ ಗಾಡಿಗೆ ಟಿಕೆಟ್ ತೆಗೆಸಿದ್ದೇನೆ. ಮನೆಯೊಳಗೆ ಬರುವುದಿಲ್ಲ, ನೀರು ಮುಟ್ಟುವುದಿಲ್ಲ. ಅಂಗಡಿಯ ಮುಂದೆ ನಿಂತು ಈ ಕಾಗದವನ್ನು ನಾನೇ ಓದುತ್ತೇನೆ. ನಿಮ್ಮವ್ವನನ್ನೂ ಕರೆ, ಮಗಳನ್ನೂ ಕರೆ. ನಡುವೆ ಹೊಡೆಯಬೇಕು ಅನಿಸಿದರೆ ಹೊಡಿ, ಕೈ ಅಡ್ಡ ತರುವುದಿಲ್ಲ. ಎದ್ದು ಒಳಗೆ ಹೋಗಿ ಕದ ಹಾಕಿಕೊಂಡರೆ ಹೊರಗೇ ನಿಂತು ಮುಗಿಸುತ್ತೇನೆ. ಒಂದೇ ಬೇಡಿಕೆ, ರಾಜೇಸಾಬ. ಓದಿ ಮುಗಿದ ಮೇಲೆ, ನಿನ್ನ ಸ್ವಭಾವ ಬಲ್ಲೆ—ಹೋಗಲಿ ಬಿಡಲೇ ಎಂದು ಮಾತ್ರ ಅನ್ನಬೇಡ.